ಅಜ್ಜಿಗೆ ಕೇಳಿಸಲಿಲ್ಲ, ತಪ್ಪು ಅಜ್ಜಿ ಕಿವೀದಲ್ಲ

1/10

ಮೊನ್ನೆ ಸ್ಟೋರೀಲಿ ಹಳೇ ಡಿವಿಡಿ ಪೆಟ್ಟಿಗೆ ಫೋಟೋ ಹಾಕಿದ್ದಕ್ಕೆ ಕ್ಲಾಸಲ್ಲಿ ಅರ್ಧ ಜನ ನಕ್ಕಿದ್ರಿ. "ಗುಜರಿಗೆ ಹಾಕೋ", "ಮ್ಯೂಸಿಯಂಗೆ ಕೊಡೋ", "ಎಲ್ಲಾ ಯೂಟ್ಯೂಬಲ್ಲೇ ಐತಲ್ಲ ಮಗಾ, ಇನ್ನೂ ಡಿಸ್ಕ್ ಯಾಕೆ?" ನಕ್ಕಿದ್ದಕ್ಕೆ ಬೇಜಾರಿಲ್ಲ. ಆದ್ರೆ ಆ ಮೂರನೇ ಮಾತು ತಪ್ಪು. ಎಷ್ಟು ತಪ್ಪು ಅಂತ ಹೇಳೋಕೆ ಒಂದು ಕ್ಯಾಪ್ಶನ್ ಸಾಲಲ್ಲ, ಅದಕ್ಕೇ ಹತ್ತು ಪೋಸ್ಟ್. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ. ಶ್ರೀನಿವಾಸಪುರದಲ್ಲಿ ಹತ್ತಿದ್ರೆ ಕೋಲಾರ ಬರೋಷ್ಟರಲ್ಲಿ ಮುಗಿಯತ್ತೆ.

ಪೆಟ್ಟಿಗೆ ನಮ್ಮ ಚಿಕ್ಕಪ್ಪಂದು. ಅವರಿಗೆ ಬಸ್ ಸ್ಟ್ಯಾಂಡ್ ಹತ್ರ ಸಿಡಿ ಅಂಗಡಿ ಇತ್ತು. ದಿನಕ್ಕೆ ಹತ್ತು ರೂಪಾಯಿ ಬಾಡಿಗೆ. ಕನ್ನಡ ಒಂದು ಸಾಲು, ತೆಲುಗು ಎರಡು ಸಾಲು, ಮೂಲೇಲಿ ಇಂಗ್ಲಿಷ್ ಡಬ್ಬಿಂಗ್. ನಮ್ಮ ಕಡೆ ಹಂಗೇ, ಮನೇಲಿ ಒಂದು ಭಾಷೆ, ಮಾವಿನಕಾಯಿ ಮಂಡೀಲಿ ಎರಡು ಭಾಷೆ. ನಾನು ಹೈಸ್ಕೂಲಿಗೆ ಬರೋ ಮುಂಚೆನೇ ಅಂಗಡಿ ಮುಚ್ಚಿತು. ಉಳಿದ ಡಿಸ್ಕ್ ಎಲ್ಲಾ ನಮ್ಮ ಮನೆ ಅಟ್ಟ ಸೇರಿದ್ವು.

ಅದನ್ನ ನಾನು ಕೆಳಗೆ ಇಳಿಸಿದ್ದು ಹಳೇ ನೆನಪು ಅಂತ ಅಲ್ಲ. ನಮ್ಮ ಅಜ್ಜಿಗೋಸ್ಕರ.

ಅಜ್ಜಿಗೆ ಶುಗರಿಂದ ಎರಡೂ ಕಣ್ಣು ಮಂಜಾಗಿ ಮೂರು ವರ್ಷ ಆಯ್ತು. ಬೆಳಕು ಯಾವುದು ನೆರಳು ಯಾವುದು ಗೊತ್ತಾಗತ್ತೆ, ಮುಖ ಗೊತ್ತಾಗಲ್ಲ. ಕಿವಿ ಮಾತ್ರ ಹದ್ದಿನ ಕಣ್ಣಿದ್ದ ಹಾಗೆ. ಗೇಟ್ ಸದ್ದಿನ ಮೇಲೆ ಬಂದವರು ಅಪ್ಪನೋ ನಾನೋ ಹೇಳ್ತಾರೆ. ಕುಕ್ಕರ್ ಎಷ್ಟು ಕೂಗಿತು ಅಂತ ಒಳಗಿಂದಲೇ ಎಣಿಸ್ತಾರೆ. ಅವರಿಗೆ ಸಿನಿಮಾ ಅಂದ್ರೆ ಈಗ ಬರೀ ಸೌಂಡು. ಪಿಕ್ಚರ್ 4ಕೆ ಇದ್ರೂ ಒಂದೇ, ಕಪ್ಪುಬಿಳುಪು ಇದ್ರೂ ಒಂದೇ.

ಆ ಸೌಂಡನ್ನ ನಮಗೆ ಯಾರು, ಹೆಂಗೆ, ಎಷ್ಟು ಕೊಟ್ರು ಅನ್ನೋದೇ ಈ ಸೀರೀಸ್.

2/10

ಮನೇಲಿ ಭಾನುವಾರ ಸಂಜೆ ಎಲ್ರೂ ಟಿವಿ ಮುಂದೆ. ಫೋನಿಂದ ಹೊಸ ಕನ್ನಡ ಸಿನಿಮಾ ಹಾಕಿದೀವಿ. ಅಜ್ಜಿ ಪ್ರತಿ ಎರಡು ನಿಮಿಷಕ್ಕೆ, "ಏನಂದ ನಾಯ್ನಾ? ಏನಂದ ಅವನು?" ವಾಲ್ಯೂಮ್ ಏರಿಸ್ತೀನಿ. ತಕ್ಷಣ ಫೈಟು ಬರತ್ತೆ, ಕಿಟಕಿ ಗಾಜು ನಡುಗತ್ತೆ, ಅಮ್ಮ ಬೈತಾರೆ. ಇಳಿಸ್ತೀನಿ. ಮತ್ತೆ ಮಾತು ಶುರು, ಮತ್ತೆ "ಏನಂದ?" ಅರ್ಧ ಗಂಟೆ ಆದ್ಮೇಲೆ ಅಜ್ಜಿ ಗೋಡೆ ಹಿಡ್ಕೊಂಡು ಎದ್ರು. "ನೀವು ನೋಡ್ಕೊಳ್ರಪ್ಪಾ" ಅಂತ ಒಳಗೆ ಹೋದ್ರು. ಅದು ಒಂದು ವಾರದ ಕಥೆ ಅಲ್ಲ. ಹಂಗೇ ಅವರು ಸಿನಿಮಾ ನೋಡೋದೇ ಬಿಟ್ರು. ಎಲ್ರೂ "ವಯಸ್ಸಾಯ್ತು, ಕಿವಿ ಮಂದ" ಅಂದ್ರು. ನಾನೂ ಹಂಗೇ ಅನ್ಕೊಂಡಿದ್ದೆ.

ಆಮೇಲೆ ದಸರಾ ರಜೇಲಿ ಬೆಂಗಳೂರಿಗೆ, ಅಕ್ಕನ ಮನೆಗೆ ಹೋದ್ವಿ. ಭಾವಂಗೆ ಹೋಮ್ ಥಿಯೇಟರ್ ಹುಚ್ಚು. ಬ್ಲೂ-ರೇ ಪ್ಲೇಯರ್ ಇದೆ, ಐದು ಸ್ಪೀಕರ್, ಒಂದು ಸಬ್‌ವೂಫರ್. ಅವರ ಫ್ರೆಂಡ್ ಅಮೆರಿಕದಿಂದ ತಂದುಕೊಟ್ಟ ತೆಲುಗು ಸಿನಿಮಾ ಡಿಸ್ಕ್ ಹಾಕಿದ್ರು. ಅಜ್ಜಿ ಮೊದಲ ಐದು ನಿಮಿಷ ಸುಮ್ಮನಿದ್ರು. ಭಾವ ರಿಮೋಟ್ ತಗೊಂಡು ಮಧ್ಯದ ಸ್ಪೀಕರ್ ಒಂದನ್ನೇ ಸ್ವಲ್ಪ ಏರಿಸಿದ್ರು.

ಅಲ್ಲಿಂದ ಕೊನೇವರೆಗೂ ಅಜ್ಜಿ ಒಂದು ಸಲ "ಏನಂದ" ಅನ್ನಲಿಲ್ಲ. ಒಂದು ಜೋಕಿಗೆ ನನಗಿಂತ ಮುಂಚೆ ನಕ್ರು. ಸಿನಿಮಾ ಮುಗಿದ ಮೇಲೆ ಕೇಳಿದ್ದು ಒಂದೇ, "ರಾಜ್‌ಕುಮಾರ್ದು ಒಂದು ಹಾಕ್ರಪ್ಪಾ ಇದ್ರಲ್ಲಿ."

ಭಾವ ನನ್ನ ಮುಖ ನೋಡಿದ್ರು. ನಾನು ಅವರ ಮುಖ ನೋಡಿದೆ. ಅವರ ಶೆಲ್ಫಲ್ಲಿ ಒಂದೂ ಕನ್ನಡ ಡಿಸ್ಕ್ ಇರಲಿಲ್ಲ.

3/10

ಅವತ್ತು ಆಗಿದ್ದು ಮ್ಯಾಜಿಕ್ ಅಲ್ಲ. ಸರಳವಾಗಿ ಹೇಳ್ತೀನಿ.

5.1 ಅಂದ್ರೆ ಆರು ಬೇರೆ ಬೇರೆ ದಾರಿ. ಮುಂದೆ ಎಡ, ಬಲ, ಮಧ್ಯ. ಹಿಂದೆ ಎಡ, ಬಲ. ".1" ಅಂದ್ರೆ ಗುಡುಗು, ಡ್ರಮ್ಮು ತರದ ತಗ್ಗಿನ ಸದ್ದಿಗೆ. ಸಿನಿಮಾದಲ್ಲಿ ಮಾತು ಹೆಚ್ಚುಕಮ್ಮಿ ಪೂರ್ತಿ ಮಧ್ಯದ ದಾರೀಲೇ ಬರತ್ತೆ. ಥಿಯೇಟರಲ್ಲಿ ಸ್ಕ್ರೀನ್ ಹಿಂದೆ ನಡುವೆ ಇರೋ ಸ್ಪೀಕರ್ ಅದು. ಹೀರೋ ಮುಖ ಎಲ್ಲಿದೆಯೋ ಮಾತು ಅಲ್ಲಿಂದ ಬಂದ ಹಾಗೆ ಅನ್ಸೋದು ಅದರಿಂದಲೇ.

ಈ ಆರು ದಾರೀನ ಎರಡಕ್ಕೆ ಇಳಿಸಿದ್ರೆ ಸ್ಟೀರಿಯೋ. ಆಗ ಮಾತನ್ನ ಎಡಕ್ಕೂ ಬಲಕ್ಕೂ ಹಂಚ್ತಾರೆ. ಅದೇ ಎಡಬಲದಲ್ಲಿ ಮ್ಯೂಸಿಕ್ಕೂ ಇದೆ, ಮಳೇನೂ ಇದೆ, ಫೈಟೂ ಇದೆ. ಎಲ್ಲಾ ಒಂದೇ ಪಾತ್ರೆಗೆ. ಅದನ್ನ ನಮ್ಮ ಟಿವೀಲಿರೋ ಸಣ್ಣ ಸ್ಪೀಕರ್‌ಗೆ ಕೊಡ್ತೀವಿ. ಎಷ್ಟೋ ಟಿವೀಲಿ ಅದು ಕೆಳಗಡೆ ಮುಖ ಮಾಡಿರತ್ತೆ, ಟೇಬಲ್ ಜೊತೆ ಮಾತಾಡ್ತಾ ಇರತ್ತೆ.

ಆರು ದಾರಿ ಬೇರೆ ಬೇರೆ ಇದ್ರೆ ಮಾತು ಒಂದನ್ನೇ ಏರಿಸಬಹುದು. ಎರಡಾದ ಮೇಲೆ ಆಗಲ್ಲ. ಬೆಂದು ಇಳಿಸಿದ ಸಾಂಬಾರಿಂದ ಬೇಳೆ ಮಾತ್ರ ಆರಿಸಿ ಅಂದ್ರೆ ಹೆಂಗೆ? ಅಷ್ಟೇ ಕಥೆ. ಈಗಿನ ಟಿವೀಲಿ "ಕ್ಲಿಯರ್ ವಾಯ್ಸ್" ಅಂತ ಒಂದು ಬಟನ್ ಇರತ್ತೆ, ಅದು ಮಾತಿನ ಪಿಚ್ ಇರೋ ಜಾಗವನ್ನೆಲ್ಲ ಒಟ್ಟಿಗೆ ಎತ್ತತ್ತೆ. ಸ್ವಲ್ಪ ಸಹಾಯ ಆಗತ್ತೆ, ಜೊತೆಗೆ ಬೇರೆ ಗಲಾಟೇನೂ ಏರತ್ತೆ.

ಅಂದ್ರೆ ಅಜ್ಜಿ ಕಿವಿ ಚೆನ್ನಾಗೇ ಇತ್ತು. ನಮ್ಮ ಮನೆಗೆ ತಲುಪೋ ಹೊತ್ತಿಗೆ ಮಾತು ಬೆಂದು ಕರಗಿ ಹೋಗಿತ್ತು. ಇದು ಗೊತ್ತಾದ ಮೇಲೇನೇ ಅಟ್ಟ ಹತ್ತಿದ್ದು. ನಮ್ಮ ಕನ್ನಡ ಡಿಸ್ಕ್‌ಗಳಲ್ಲಿ ಆರು ದಾರಿ ಇರೋವು ಎಷ್ಟಿವೆ ನೋಡೋಣ ಅಂತ.

4/10

ಲ್ಯಾಪ್‌ಟಾಪಿಗೆ ಡಿಸ್ಕ್ ಡ್ರೈವ್ ಇಲ್ಲ. ಕ್ಲಾಸ್‌ಮೇಟ್ ಒಬ್ಬನ ಹತ್ರ ಯುಎಸ್‌ಬಿ ಡ್ರೈವ್ ಇಸ್ಕೊಂಡೆ (ಥ್ಯಾಂಕ್ಸ್ ಮಗಾ, ಇನ್ನೊಂದು ವಾರ ಬೇಕು). ವಿಎಲ್‌ಸಿ ಪ್ಲೇಯರಲ್ಲಿ "ಕೋಡೆಕ್ ಇನ್ಫರ್ಮೇಶನ್" ಅಂತ ಇದೆ. ಒಳಗೆ ಏನಿದೆ ಅನ್ನೋದನ್ನ ಅದು ಸುಳ್ಳಿಲ್ಲದೆ ಹೇಳತ್ತೆ.

ಒಂದು ಕನ್ನಡ ಡಿವಿಡಿ. ಕವರ್ ಮೇಲೆ ಬಂಗಾರದ ಅಕ್ಷರದಲ್ಲಿ "5.1 ಡಿಜಿಟಲ್ ಸರೌಂಡ್". ಒಳಗೆ ನೋಡಿದ್ರೆ ಎರಡು ಚಾನೆಲ್, ಸೆಕೆಂಡಿಗೆ 192 ಕಿಲೋಬಿಟ್. ಕಂಪನಿ ಹೆಸರು ಹೇಳಲ್ಲ, ಹೇಳಿ ಈಗ ಪ್ರಯೋಜನನೂ ಇಲ್ಲ. ಆದ್ರೆ ಇದಕ್ಕೆ ನಮ್ಮ ಮಂಡೀಲಿ ಏನಂತಾರೆ ಗೊತ್ತಲ್ಲ? ಬಾಕ್ಸ್ ಮೇಲೆ ಬಾದಾಮಿ, ಒಳಗೆ ತೋತಾಪುರಿ. ತೋತಾಪುರಿ ಕೆಟ್ಟದು ಅಂತಲ್ಲ, ಬಾದಾಮಿ ರೇಟ್ ಯಾಕೆ ತಗೊಂಡೆ ಅನ್ನೋದು ಪ್ರಶ್ನೆ.

ಡಿವಿಡಿಗೆ ತಾಕತ್ತಿರಲಿಲ್ವಾ? ಇತ್ತು. ಡಾಲ್ಬಿ ಡಿಜಿಟಲ್ 5.1 ಅನ್ನ ಸೆಕೆಂಡಿಗೆ 448 ಕಿಲೋಬಿಟ್‌ವರೆಗೂ ಡಿವಿಡಿ ಹಿಡಿಯತ್ತೆ. ಎರಡೂವರೆ ಗಂಟೆ ಸಿನಿಮಾಗೆ ಅದು ಸುಮಾರು 500 ಎಂಬಿ. ಒಂದು ಪದರದ ಡಿವಿಡಿ 4.7 ಜಿಬಿ. ಸೌಂಡಿಗೆ ಹತ್ತರಲ್ಲಿ ಒಂದು ಪಾಲು ಜಾಗ ಕೊಟ್ಟಿದ್ರೂ ಸಾಕಿತ್ತು.

ಇನ್ನು "3 ಇನ್ 1" ಡಿವಿಡಿ ನೆನಪಿದೆಯಾ? ಒಂದೇ ಡಿಸ್ಕಲ್ಲಿ ಮೂರು ಸಿನಿಮಾ, ಎಲ್ರಿಗೂ ಖುಷಿ. ಲೆಕ್ಕ ಹಾಕಿದೆ. 4.7 ಜಿಬಿಯನ್ನ ಮೂರು ಭಾಗ ಮಾಡಿದ್ರೆ ಒಂದಕ್ಕೆ 1.57 ಜಿಬಿ. ಎರಡೂವರೆ ಗಂಟೆಗೆ ಹಂಚಿದ್ರೆ ಚಿತ್ರ, ಸೌಂಡ್ ಎಲ್ಲಾ ಸೇರಿ ಸೆಕೆಂಡಿಗೆ 1.39 ಮೆಗಾಬಿಟ್. ಹಳೇ ವಿಸಿಡಿ ಎಷ್ಟು ಗೊತ್ತಾ? ಚಿತ್ರಕ್ಕೆ 1150 ಕಿಲೋಬಿಟ್, ಸೌಂಡಿಗೆ 224. ಒಟ್ಟು 1.37 ಮೆಗಾಬಿಟ್. ಡಿವಿಡಿ ಅಂತ ದುಡ್ಡು ಕೊಟ್ಟು ನಾವು ತಗೊಂಡಿದ್ದು ವಿಸಿಡಿಯಷ್ಟು ಬಿಟ್. ಸೌಂಡ್ ವಿಷಯದಲ್ಲಿ ಅದಕ್ಕಿಂತಲೂ ಕಡಿಮೆ ಅಂಕಿ.

5/10

ಈಗ ಬ್ಲೂ-ರೇ. ಭಾವನ ಮನೇಲಿ ಓಡಿದ್ದು ಅದೇ. ಚಿಕ್ಕಪ್ಪನ ಅಂಗಡಿಗೆ ಒಂದೂ ಬಂದಿರಲಿಲ್ಲ, ಅಟ್ಟದ ಪೆಟ್ಟಿಗೇಲೂ ಇಲ್ಲ.

ಬ್ಲೂ-ರೇ ಮಾರ್ಕೆಟ್ಟಿಗೆ ಬಂದಿದ್ದು 2006ರಲ್ಲಿ. ಅದರ ಎದುರಾಳಿ ಎಚ್‌ಡಿ ಡಿವಿಡಿಯನ್ನ ತೋಷಿಬಾ ಫೆಬ್ರವರಿ 2008ರಲ್ಲಿ ಕೈಬಿಟ್ಟಿತು. ಒಂದು ಪದರಕ್ಕೆ 25 ಜಿಬಿ, ಎರಡು ಪದರಕ್ಕೆ 50 ಜಿಬಿ. ಸಿನಿಮಾ ಓಡುವಾಗ ಚಿತ್ರ ಸೌಂಡ್ ಎಲ್ಲಾ ಸೇರಿ ಸೆಕೆಂಡಿಗೆ 48 ಮೆಗಾಬಿಟ್‌ವರೆಗೂ ಹೋಗಬಹುದು, ಅದರಲ್ಲಿ ಚಿತ್ರಕ್ಕೆ ಹೆಚ್ಚೆಂದ್ರೆ 40.

"ಫಾರ್ಮ್ಯಾಟಿಗೆ ಲಿಮಿಟ್ ಇದೆ" ಅನ್ನೋರಿಗೆ ಇಲ್ಲೇ ಲೆಕ್ಕ. ಸಿನಿಮಾ ಎರಡೂವರೆ ಗಂಟೆ, ಚಿತ್ರಕ್ಕೆ 30 ಮೆಗಾಬಿಟ್ ಧಾರಾಳವಾಗಿ ಕೊಡೋಣ. 34 ಜಿಬಿ ಹತ್ತಿರ. ಸೌಂಡ್ 5.1, 24 ಬಿಟ್, 48 ಕಿಲೋಹರ್ಟ್ಸ್, ಒಂದು ಚೂರೂ ಕುಗ್ಗಿಸದೆ ಹಾಗೇ ಇಟ್ರೆ ಸೆಕೆಂಡಿಗೆ 6.9 ಮೆಗಾಬಿಟ್, ಅಂದ್ರೆ ಸುಮಾರು 7.8 ಜಿಬಿ. ಒಟ್ಟು 41 ಚಿಲ್ಲರೆ. 50 ಜಿಬೀಲಿ ಆರಾಮಾಗಿ ಕೂರತ್ತೆ, ಇನ್ನೂ ಜಾಗ ಉಳಿಯತ್ತೆ.

ಲಿಮಿಟ್ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಮೂರು ಗಂಟೆ ಸಿನಿಮಾಗೆ ಇದೇ ಲೆಕ್ಕ ಹಾಕಿದ್ರೆ 49.8 ಜಿಬಿ, ಡಿಸ್ಕ್ ತುಂಬಿ ತುಳುಕತ್ತೆ. 7.1 ಸೌಂಡನ್ನ 96 ಕಿಲೋಹರ್ಟ್ಸಲ್ಲಿ ಕುಗ್ಗಿಸದೆ ಇಟ್ರೆ ಅದೊಂದೇ 18.4 ಮೆಗಾಬಿಟ್ ತಿನ್ನತ್ತೆ, ಚಿತ್ರಕ್ಕೆ 30 ಕೂಡ ಪೂರ್ತಿ ಉಳಿಯಲ್ಲ. 192 ಕಿಲೋಹರ್ಟ್ಸ್ ಆದ್ರೆ ಎಂಟು ಚಾನೆಲ್ ಆಗೋದೇ ಇಲ್ಲ, ಆರಕ್ಕೆ ನಿಲ್ಲತ್ತೆ.

ಇನ್ನೊಂದು ಮಿತಿ ಸೈನ್ಸಿಂದ ಬಂದಿದ್ದಲ್ಲ, ಮನುಷ್ಯರು ಹಾಕಿದ ಬೇಲಿ. ಅದು ರೀಜನ್ ಕೋಡ್. ಅಮೆರಿಕ ಎ, ಇಂಡಿಯಾ ಸಿ. ಭಾವನ ಫ್ರೆಂಡ್ ತಂದ ಡಿಸ್ಕಿಗೆ ಆ ಬೀಗ ಹಾಕಿರಲಿಲ್ಲ, ಅದಕ್ಕೆ ಓಡ್ತು.

ಇಷ್ಟು ದೊಡ್ಡ ಗೋಡೌನ್ ಇದ್ದೂ ನಮ್ಮ ಸಿನಿಮಾ ಮೂಟೆ ಹೊರಗಡೆನೇ ಬಿದ್ದಿದೆ.

6/10

ಈಗ ನಂಬರ್ ಭಕ್ತರಿಗೆ. ಕಾಮೆಂಟಲ್ಲಿ ನೀವೂ ಬರ್ತೀರ ಅಂತ ಗೊತ್ತು. "ಬ್ರೋ, 192 ಕಿಲೋಹರ್ಟ್ಸ್ ಇಲ್ದೆ ಅದು ಸೌಂಡೇ ಅಲ್ಲ."

ಮನುಷ್ಯನ ಕಿವಿ ಹೆಚ್ಚೆಂದ್ರೆ 20 ಕಿಲೋಹರ್ಟ್ಸ್ ಕೇಳತ್ತೆ, ವಯಸ್ಸಾದಂಗೆ ಅದೂ ಇಳಿಯತ್ತೆ. 48 ಕಿಲೋಹರ್ಟ್ಸಲ್ಲಿ ರೆಕಾರ್ಡ್ ಆದ್ರೆ 24ರವರೆಗಿನ ಸದ್ದು ಹಿಡಿದಾಯ್ತು. ಮನೇಲಿ ಕೇಳೋಕೆ ಅದಕ್ಕಿಂತ ಮೇಲೆ ಕೊಡೋ ದುಡ್ಡು ಬಾವಲಿಗೆ ಕೊಟ್ಟಂಗೆ.

ತಿಳ್ಕೋಬೇಕಾದ್ದು ಬೇರೆ ಇದೆ. ಕುಗ್ಗಿಸೋದರಲ್ಲಿ ಎರಡು ಜಾತಿ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ, ಇವು ಸೀರೆ ಮಡಿಸಿದಂಗೆ. ಬಿಚ್ಚಿದ್ರೆ ಒಂದು ಎಳೆ ಕಮ್ಮಿ ಆಗಿರಲ್ಲ. ಮಾಮೂಲಿ ಡಾಲ್ಬಿ ಡಿಜಿಟಲ್, ಎಂಪಿ3, ಯೂಟ್ಯೂಬ್ ಸೌಂಡು, ಇವು ಪಲ್ಪ್ ಫ್ಯಾಕ್ಟರಿಗೆ ಹೋದ ತೋತಾಪುರಿ. ರುಚಿ ಇರತ್ತೆ, ವಾಪಸ್ ಕಾಯಾಗಲ್ಲ. ಆದ್ರೆ ಒಳ್ಳೇ ಫ್ಯಾಕ್ಟರೀಲಿ ಆದ ಪಲ್ಪ್ ಚೆನ್ನಾಗೇ ಇರತ್ತೆ. ಬ್ಲೂ-ರೇಲಿ ಡಾಲ್ಬಿ ಡಿಜಿಟಲ್ 640 ಕಿಲೋಬಿಟ್ ಸಿಗತ್ತೆ, ಸಾಧಾರಣ ಸೆಟ್ಟಲ್ಲಿ ಅದಕ್ಕೂ ಮೇಲಿನದಕ್ಕೂ ವ್ಯತ್ಯಾಸ ಹಿಡಿಯೋದು ಕಷ್ಟ. ನಾನು ಭಾವನ ಮನೇಲಿ ಕಣ್ಣು ಮುಚ್ಕೊಂಡು ಟ್ರೈ ಮಾಡಿದೆ, ಫೇಲ್ ಆದೆ. ಒಪ್ಕೋತೀನಿ.

ಹಳೇ ಸಿನಿಮಾಗಂತೂ ನಂಬರ್ ಹುಚ್ಚೇ ಶತ್ರು. ಆ ಕಾಲದ ರಾಜ್‌ಕುಮಾರ್ ಸಿನಿಮಾಗಳ ಸೌಂಡ್ ಮೋನೋ, ಒಂದೇ ದಾರಿ. ಅದನ್ನ ಹಿಗ್ಗಿಸಿ, ಎಕೋ ಸೇರಿಸಿ "5.1" ಅಂತ ಮಾಡಿದ ಡಿವಿಡಿ ಒಂದು ಪೆಟ್ಟಿಗೇಲಿತ್ತು. ಅಜ್ಜಿ ಕೇಳಿ, "ಬಾವಿ ಒಳಗಿಂದ ಮಾತಾಡ್ತಾವ್ರೆ" ಅಂದ್ರು. ಅದೇ ಪೆಟ್ಟಿಗೇಲಿ ಇನ್ನೊಂದು ರಾಜ್‌ಕುಮಾರ್ ವಿಸಿಡಿ, ಯಾರೂ ಕೈ ಹಾಕದ ಸೀದಾ ಮೋನೋ. ಒಂದೇ ಸ್ಪೀಕರಲ್ಲಿ ಹಾಕಿದೆ. ಸರ್ ಅಂತ ಗೀರಿನ ಸದ್ದು ಇತ್ತು. ಪ್ರತಿ ಮಾತೂ ಕೇಳಿಸ್ತು. ಎರಡನೇ ಡಿಸ್ಕ್ ಬದಲಾಯಿಸೋಕೆ ಎದ್ದಾಗ "ಬೇಗ ಹಾಕೋ" ಅಂದ್ರು.

ನಂಬರ್ ದೊಡ್ಡದು ಮಾಡಿ ಅಂತ ನಾನು ಕೇಳ್ತಿಲ್ಲ. ಇದ್ದಿದ್ದನ್ನ ಇದ್ದಂಗೆ ಕೊಡಿ ಅಂತಿದೀನಿ.

7/10

ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಈ ಪೋಸ್ಟಿನ ವಿಷಯ ಓದಿದ ದಿನ.

ಒಂದು ಡಿವಿಡೀಲಿ ಎಂಟು ಆಡಿಯೋ ಟ್ರ್ಯಾಕ್ ಇಡಬಹುದು. ಬ್ಲೂ-ರೇಲಿ 32. ಮೂವತ್ತೆರಡು! ಸಬ್‌ಟೈಟಲ್‌ಗೂ ಎರಡರಲ್ಲೂ 32 ಜಾಗ. ಅಟ್ಟದ ಪೆಟ್ಟಿಗೇಲಿ ನಾನು ತೆಗೆದು ನೋಡಿದ ಕನ್ನಡ ಡಿವಿಡಿಗಳಲ್ಲಿ ಎಲ್ಲಾ ಕಡೆ ಒಂದೇ ಟ್ರ್ಯಾಕ್. ಏಳು ಖಾಲಿ ಕುರ್ಚಿ.

ಆ ಖಾಲಿ ಕುರ್ಚೀಲಿ ಯಾರು ಕೂರಬಹುದಿತ್ತು? ಮೊದಲನೆಯದು ಮೂಲ ಮೋನೋ. ಎರಡನೆಯದು ಮಾತು ಎದ್ದು ಕೇಳೋ ತರ ಮಾಡಿದ ಮಿಕ್ಸ್, ರಾತ್ರಿ ಸಣ್ಣ ವಾಲ್ಯೂಮಲ್ಲಿ ನೋಡೋರಿಗೂ, ವಯಸ್ಸಾದವರಿಗೂ. ಮೂರನೆಯದು ಡೈರೆಕ್ಟರ್ ಕೂತು ಸಿನಿಮಾ ಬಗ್ಗೆ ಮಾತಾಡೋ ಕಾಮೆಂಟ್ರಿ, ಕಲಿಯೋ ಹುಡುಗರಿಗೆ ಅದೊಂದು ಕ್ಲಾಸು.

ನಾಲ್ಕನೆಯದು ನಮ್ಮ ಅಜ್ಜಿಗೆ. ಅದರ ಹೆಸರು ಆಡಿಯೋ ಡಿಸ್ಕ್ರಿಪ್ಷನ್. ಮಾತಿಲ್ಲದ ಜಾಗದಲ್ಲಿ ಒಬ್ಬರು ಮೆಲ್ಲಗೆ ಹೇಳ್ತಾ ಹೋಗ್ತಾರೆ, "ಅವಳು ಬಾಗಿಲು ತೆಗೆದಳು, ಕೈಲಿ ಕಾಗದ ಇದೆ, ಅಳ್ತಿದಾಳೆ" ಅಂತ. ಈಗ ನಮ್ಮನೇಲಿ ಆ ಕೆಲಸ ನಂದು. ನಾನು ಕಾಲೇಜಿಗೆ ಹೋದ್ರೆ ಅಜ್ಜಿಗೆ ಅರ್ಧ ಸಿನಿಮಾ ಕತ್ತಲು.

ಮಾರ್ಚ್ 2024ರಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ, ಕಣ್ಣು ಕಾಣದವರು ಮತ್ತು ಕಿವಿ ಕೇಳದವರು ಥಿಯೇಟರಲ್ಲಿ ಸಿನಿಮಾ ನೋಡೋದಕ್ಕೆ ಅನುಕೂಲ ಮಾಡ್ಬೇಕು ಅಂತ ಮಾರ್ಗಸೂಚಿ ಹೊರಡಿಸಿತು. ಆಡಿಯೋ ಡಿಸ್ಕ್ರಿಪ್ಷನ್ ಅದರಲ್ಲಿ ಇದೆ. ಒಳ್ಳೇದು. ಆದ್ರೆ ಅದು ಥಿಯೇಟರಿಗೆ. ಅಜ್ಜಿ ಥಿಯೇಟರ್ ಮೆಟ್ಟಿಲು ಹತ್ತಿ ಎಷ್ಟು ವರ್ಷ ಆಯ್ತೋ. ಥಿಯೇಟರಿಗೆ ಅಂತ ಒಂದು ಸಲ ರೆಕಾರ್ಡ್ ಮಾಡಿದ ಟ್ರ್ಯಾಕನ್ನ ಮನೆಗೂ ಕೊಡೋಕೆ ಇನ್ನೊಂದು ಖರ್ಚು ಏನಿದೆ?

ಜಾಗ ಇರಲಿಲ್ಲ ಅನ್ನೋ ನೆಪ ಇಲ್ಲಿಗೆ ಮುಗೀತು.

8/10

"ಕನ್ನಡಕ್ಕೆ ಮಾರ್ಕೆಟ್ ಇಲ್ಲ ಗುರು." ಬಿಕಾಂ ಹುಡುಗನ ಮುಂದೆ ಈ ಮಾತು ಹೇಳ್ಬೇಡಿ, ಕ್ಯಾಲ್ಕುಲೇಟರ್ ತೆಗೀತೀನಿ.

2011ರ ಜನಗಣತೀಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು 4.37 ಕೋಟಿ. ಎಲ್ರೂ ಡಿಸ್ಕ್ ತಗೊಳ್ಳಲ್ಲ, ಒಪ್ಪಿದೆ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಒಂದು ಬ್ಲೂ-ರೇ ತಯಾರಿ, ಲೈಸೆನ್ಸ್ ಎಲ್ಲಾ ಸೇರಿ ಫಿಕ್ಸೆಡ್ ಕಾಸ್ಟ್ 5 ಲಕ್ಷ. ಮಾರೋ ಬೆಲೆ 700, ಒಂದು ಡಿಸ್ಕಿಗೆ ವೇರಿಯಬಲ್ ಕಾಸ್ಟ್ 200. ಕಾಂಟ್ರಿಬ್ಯೂಷನ್ 500. ಬ್ರೇಕ್ ಈವನ್ ಸಾವಿರ ಡಿಸ್ಕ್. ಇವು ನಾನೇ ಊಹಿಸಿಕೊಂಡ ಅಂಕಿ, ನಿಮ್ಮ ಅಂಕಿ ಹಾಕಿ, ಎರಡು ಸಾವಿರ ಬರಲಿ, ಮೂರು ಸಾವಿರ ಬರಲಿ. ಮೊದಲೇ ಬುಕಿಂಗ್ ತಗೊಂಡು, ಅಷ್ಟು ಜನ ಆದ್ಮೇಲೆ ಪ್ರೆಸ್ ಮಾಡಿ. ನಷ್ಟ ಎಲ್ಲಿದೆ?

ಬೆಲೆ ವಿಷಯಕ್ಕೆ ಒಂದು ಉದಾಹರಣೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿ 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಮಾರ್ಕೆಟ್ಟಿಗೆ ಬಿಟ್ಟಿತು. (ನಾನು ಮೇಲೆ ಬೈದ ಡಿಸ್ಕ್ ಇವರದಲ್ಲ.) ಪೈರಸಿ ರೇಟಿಗೆ ಒರಿಜಿನಲ್ ಸಿಕ್ಕಾಗ ಜನ ಒರಿಜಿನಲ್ಲೇ ತಗೊಂಡ್ರು, ಚಿಕ್ಕಪ್ಪ ಇವತ್ತಿಗೂ ಹೇಳ್ತಾರೆ. ಆ ಕಂಪನಿ 2018ರಲ್ಲಿ ಮುಚ್ಚೋ ಆದೇಶಕ್ಕೆ ಬಂತು, ನಿಜ. ಅದರಿಂದ ಕಲಿಯೋದು ಬರೀ ಅಗ್ಗ ಸಾಲಲ್ಲ ಅಂತ. ಜನಕ್ಕೆ ದುಡ್ಡು ಕೊಡೋ ಮನಸ್ಸೇ ಇಲ್ಲ ಅಂತ ಅಲ್ಲ.

ಮುಖ್ಯ ಪಾಯಿಂಟ್ ಈಗ. ಥಿಯೇಟರಿಗೆ ಹೋಗೋ ಡಿಜಿಟಲ್ ಪ್ಯಾಕೇಜಲ್ಲಿ ಸೌಂಡು 24 ಬಿಟ್, ಚೂರೂ ಕುಗ್ಗಿಸದ್ದು. 5.1 ಮಿಕ್ಸಿಗೆ ಸ್ಟುಡಿಯೋ ಬಾಡಿಗೆ, ಇಂಜಿನಿಯರ್ ಸಂಬಳ ಎಲ್ಲಾ ಆಗ್ಲೇ ಕೊಟ್ಟಾಗಿದೆ. ನಮ್ಮ ಭಾಷೇಲಿ ಸಂಕ್ ಕಾಸ್ಟ್. ದುಡ್ಡು ಕೊಟ್ಟು ಮಾಡಿಸಿದ ಮಿಕ್ಸನ್ನ ಮನೆಗೆ ಬರೋವಾಗ ಎರಡು ಚಾನೆಲಿಗೆ ಹಿಂಡಿ ಕೊಡೋದು ಉಳಿತಾಯ ಅಲ್ಲ, ಕೈಲಿರೋ ಆಸ್ತಿ ಚರಂಡಿಗೆ ಸುರಿಯೋದು.

9/10

"ಡಿಸ್ಕ್ ಸತ್ತೋಯ್ತು, ಸೋನಿನೇ ಬ್ಲೂ-ರೇ ನಿಲ್ಲಿಸ್ತು" ಅಂತ ಫೆಬ್ರವರಿ 2025ರಲ್ಲಿ ರೀಲ್ಸ್ ಓಡಾಡ್ತು. ನಿಲ್ಲಿಸಿದ್ದು ನಾವು ಬರೆಯೋ ಖಾಲಿ ಡಿಸ್ಕ್. ಸಿನಿಮಾ ಡಿಸ್ಕ್ ಅಲ್ಲ. ಹೆಡ್ಡಿಂಗ್ ನೋಡಿ ಶೇರ್ ಮಾಡೋದನ್ನ ಬಿಡಿ.

ಸ್ಟ್ರೀಮಿಂಗ್ ಪೂರ್ತಿ ಕೆಟ್ಟದು ಅಂತಾನೂ ಹೇಳಲ್ಲ. ನೆಟ್‌ಫ್ಲಿಕ್ಸ್ 2019ರಲ್ಲೇ 5.1 ಸೌಂಡನ್ನ 640 ಕಿಲೋಬಿಟ್‌ವರೆಗೂ, ಅಟ್ಮಾಸನ್ನ 768ರವರೆಗೂ ಏರಿಸಿತು. ಅದು ಒಳ್ಳೇ ಸೌಂಡೇ. ಆದ್ರೆ ನೆಟ್ಟು ನಿಧಾನ ಆದ್ರೆ 192ಕ್ಕೂ ಇಳಿಯತ್ತೆ, ನಮ್ಮೂರಲ್ಲಿ ಸಂಜೆ ಏಳಕ್ಕೆ ನೆಟ್ಟು ಹೆಂಗಿರತ್ತೆ ನಿಮಗೆ ಗೊತ್ತು. ಇನ್ನು ಯೂಟ್ಯೂಬಲ್ಲಿ ನಾವು ನೋಡೋ ಹಳೇ ಕನ್ನಡ ಸಿನಿಮಾ ಸಾಮಾನ್ಯವಾಗಿ ಎರಡೇ ಚಾನೆಲ್, 128 ಕಿಲೋಬಿಟ್ ಆಸುಪಾಸು. ಅದಕ್ಕೂ ಮೇಲೆ, ಹಕ್ಕಿನ ಅಗ್ರಿಮೆಂಟ್ ಮುಗಿದ್ರೆ ಸಿನಿಮಾ ಆ್ಯಪಿಂದ ಮಾಯ. ತಿಂಗಳು ತಿಂಗಳು ಬಾಡಿಗೆ ಕಟ್ಟಿ ಮನೆ ನಂದು ಅಂದ್ಕೊಂಡಂಗೆ.

ಮಾಯ ಆಗೋದು ಕನ್ನಡಕ್ಕೆ ಹೊಸದಲ್ಲ. ಕನ್ನಡ ಸಿನಿಮಾ ಮೊದಲ ಸಲ ಮಾತಾಡಿದ್ದು 3 ಮಾರ್ಚ್ 1934, ಸತಿ ಸುಲೋಚನ. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ನಮ್ಮ ಸಿನಿಮಾದ ಮೊದಲ ಮಾತು ಹೆಂಗಿತ್ತು ಅಂತ ಕೇಳೋಕೆ ಈಗ ಯಾರಿಗೂ ಆಗಲ್ಲ.

ಉಳಿಸಿದ್ರೆ ಏನಾಗತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಗಿರೀಶ್ ಕಾಸರವಳ್ಳಿ ಅವರ 1977ರ ಘಟಶ್ರಾದ್ಧ. ಜೋಪಾನವಾಗಿಟ್ಟಿದ್ದ ನೆಗೆಟಿವ್ ಇದ್ದಿದ್ದಕ್ಕೆ ಅದನ್ನ ಮತ್ತೆ ಹೊಸದರಂತೆ ಮಾಡೋಕಾಯ್ತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಕಸ್ತೂರಿ ನಿವಾಸಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ಥಿಯೇಟರಿಗೆ ತಂದಾಗ ಜನ ಬಂದು ನೋಡಿದ್ರು. ಮನಸ್ಸು ಮಾಡಿದ್ರೆ ದುಡ್ಡೂ ಬರತ್ತೆ, ಜನಾನೂ ಬರ್ತಾರೆ. ಕಣ್ಣಿಗೆ ಮಾಡಿದ್ದನ್ನ ಕಿವಿಗೂ ಮಾಡಿ.

10/10

ಕೊನೇ ಪೋಸ್ಟ್. ಬೈದು ಬಿಟ್ಟುಹೋಗಲ್ಲ, ಕೇಳೋದನ್ನ ಪಟ್ಟಿ ಮಾಡ್ತೀನಿ.

ಸಿನಿಮಾ ಮಾಡೋರಿಗೆ ಮೂರು ಮಾತು. ಒಂದು, ಥಿಯೇಟರಿಗೆ ಮಾಡಿಸಿದ 5.1 ಅನ್ನ ಮನೆಗೂ ಹಂಗೇ ಕೊಡಿ. ಡಿಸ್ಕಲ್ಲಿ ಆಗ್ಲಿ, ಆ್ಯಪಲ್ಲಿ ಆಗ್ಲಿ. ಎರಡು, ಹಳೇ ಸಿನಿಮಾ ಮೋನೋ ಇದ್ರೆ ಶುದ್ಧ ಮಾಡಿ ಮೋನೋನೇ ಕೊಡಿ, ಬಾವಿಗೆ ಹಾಕ್ಬೇಡಿ. ಮೂರು, ಆಡಿಯೋ ಡಿಸ್ಕ್ರಿಪ್ಷನ್ ಮಾಡಿಸಿದ್ರೆ ಥಿಯೇಟರಲ್ಲೇ ಬಿಟ್ಟು ಬರ್ಬೇಡಿ. ಕವರ್ ಮೇಲೆ ಬರೆದಿದ್ದು ಒಳಗೆ ಇರಲಿ, ಇದಂತೂ ಕೇಳೋ ಮಾತೇ ಅಲ್ಲ.

ನಮಗೆ, ಅಂದ್ರೆ ನನಗೂ ನಿಮಗೂ. ಮನೇಲಿ ವಯಸ್ಸಾದವರು "ಏನಂದ" ಅಂತ ಕೇಳಿದ್ರೆ ಕಿವಿ ಮಂದ ಅಂತ ತೀರ್ಪು ಕೊಡೋ ಮುಂಚೆ ಸೆಟ್ಟಿಂಗ್ ನೋಡಿ. 5.1 ಸೆಟ್ ಇದ್ರೆ ಮಧ್ಯದ ಸ್ಪೀಕರ್ ಏರಿಸಿ. ಇಲ್ಲದಿದ್ರೆ ನೈಟ್ ಮೋಡ್ ಹಾಕಿ, ಫೈಟಿನ ಸದ್ದೂ ಮಾತಿನ ಸದ್ದೂ ಹತ್ತಿರ ಬರತ್ತೆ. ಆ್ಯಪಲ್ಲಿ ಆಡಿಯೋ ಮೆನು ತೆಗೆದು 5.1 ಇದ್ಯಾ, ಡಿಸ್ಕ್ರಿಪ್ಷನ್ ಇದ್ಯಾ ನೋಡಿ. ಬ್ಲೂ-ರೇ ಪ್ಲೇಯರ್ ಇದ್ರೆ ಎಚ್‌ಡಿಎಂಐ ಕೇಬಲ್ ಹಾಕಿ, ಹಳೇ ಆಪ್ಟಿಕಲ್ ಕೇಬಲಲ್ಲಿ ಕುಗ್ಗಿಸದ 5.1 ಬರಲ್ಲ. ಟೆಲಿಗ್ರಾಮಲ್ಲಿ ಬರೋ ಕ್ಯಾಮೆರಾ ಪ್ರಿಂಟ್ ನನಗೆ ಕಳಿಸ್ಬೇಡಿ. ಕನ್ನಡ ಸಿನಿಮಾ ಒರಿಜಿನಲ್ ಡಿಸ್ಕ್ ಯಾವುದಾದ್ರೂ ಬಂದ್ರೆ ಹೇಳಿ, ಸೇರಿಕೊಂಡು ತರಿಸೋಣ.

ನನ್ನ ಕೆಲಸವೂ ಹೇಳ್ತೀನಿ. ಪೆಟ್ಟಿಗೇಲಿರೋ ಒಂದೊಂದು ಡಿಸ್ಕಲ್ಲೂ ಎಷ್ಟು ಚಾನೆಲ್, ಎಷ್ಟು ಕಿಲೋಬಿಟ್ ಅಂತ ಲೆಡ್ಜರಲ್ಲಿ ಬರೀತಿದೀನಿ. 61 ಆಗಿದೆ, ಇನ್ನೂ ಅರ್ಧ ಪೆಟ್ಟಿಗೆ ಇದೆ. ಮಾತು ಚೆನ್ನಾಗಿ ಕೇಳೋ ಡಿಸ್ಕಿಗೆ ಪಕ್ಕದಲ್ಲಿ ಅಜ್ಜಿದೊಂದು ಟಿಕ್. ಇಲ್ಲಿವರೆಗೆ 14 ಟಿಕ್. ನಿಮ್ಮ ಮನೆ ಅಟ್ಟದಲ್ಲೂ ಪೆಟ್ಟಿಗೆ ಇದ್ರೆ ಗುಜರಿಗೆ ಹಾಕೋ ಮುಂಚೆ ನನಗೊಂದು ಮೆಸೇಜ್ ಮಾಡಿ. ಗಾಡಿ ತಗೊಂಡು ನಾನೇ ಬರ್ತೀನಿ, ರಾಯಲ್ಪಾಡು ಆದ್ರೂ ಸರಿ, ಯಲ್ದೂರು ಆದ್ರೂ ಸರಿ.

ಇವತ್ತು ಭಾನುವಾರ. ಅಜ್ಜಿ ಆಗ್ಲೇ ಹಾಲಲ್ಲಿ ಕೂತು, "ಹಾಕ್ತೀಯಾ ಇಲ್ವಾ ನಾಯ್ನಾ" ಅಂತಿದಾರೆ. ಕಾಮೆಂಟಿಗೆ ಉತ್ತರ ರಾತ್ರಿ ಕೊಡ್ತೀನಿ.

#ಕನ್ನಡಸಿನಿಮಾ #ಶ್ರೀನಿವಾಸಪುರ #ಬ್ಲೂರೇ #ಮಾತುಕೇಳಲಿ